ನಾರಿನ ಪ್ಯಾನೆಲ್ ಬಿಸಿಲು ಮಳೆಗೆ ಕೆಟ್ಟರೆ ಎಲ್ಲಿಂದ ಹುಡುಕಬೇಕು?

ಸೆಣಬು, ಪುಂಡಿ ನಾರು, ತೆಂಗಿನ ನಾರು, ಕಬ್ಬಿನ ಸಿಪ್ಪೆ. ಇವುಗಳಿಂದ ಮಾಡಿದ ಪ್ಯಾನೆಲ್‌ಗಳು ಕಲಬುರಗಿಯ ನಮ್ಮ ವರ್ಕ್‌ಶಾಪಿಗೆ ರಿಪೇರಿಗೆ ಬರುತ್ತಿರುತ್ತವೆ. ಪಂಪ್ ಮನೆಯ ಬಾಗಿಲು, ಶೆಡ್ಡಿನ ಗೋಡೆ, ಅಂಗಡಿಯ ಪಾರ್ಟಿಷನ್, ಹೀಗೆ. ಒಳ್ಳೆಯ ಸಾಮಾನು ಇದು. ಹಗುರ, ಬೇಸಿಗೆಯಲ್ಲಿ ತಗಡಿನಷ್ಟು ಕಾಯುವುದಿಲ್ಲ, ನಮ್ಮ ಹೊಲದಲ್ಲೇ ಬೆಳೆಯುವ ವಸ್ತು. ಆದರೆ ಕೆಟ್ಟಾಗ ಜನ ತಪ್ಪು ಜಾಗದಲ್ಲಿ ಕೈ ಇಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ಯಾನೆಲ್ ಒಳಗೆ ಏನಿದೆ ಅನ್ನೋದು ಮೊದಲು ಗೊತ್ತಿರಲಿ. ಎರಡೂ ಕಡೆ ತೆಳುವಾದ ಗಟ್ಟಿ ಹಾಳೆ, ಅದು ನಾರು ಮತ್ತು ರೆಸಿನ್ (ಕಲಸಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಸೇರಿ ಆದದ್ದು. ನಡುವೆ ಹಗುರವಾದ ತಿರುಳು. ಅದು ಕಬ್ಬಿನ ಸಿಪ್ಪೆಯ ಬೋರ್ಡು ಇರಬಹುದು, ಕಾರ್ಕ್ ಇರಬಹುದು, ಜೇನುಗೂಡಿನಂಥ ಕಾಗದವೂ ಇರಬಹುದು. ಹಾಳೆಯನ್ನೂ ತಿರುಳನ್ನೂ ಹಿಡಿದಿಟ್ಟಿರುವುದು ಅಂಟು. ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ನಮ್ಮ ಹವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನೆರಳಲ್ಲೇ 42 ಡಿಗ್ರಿ ದಾಟುತ್ತದೆ. ಯಾದಗಿರಿಯೂ ಅಷ್ಟೆ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ಕಡಿಮೆ. ಬಿಸಿಲಲ್ಲಿ ನಿಂತ ಕಡು ಬಣ್ಣದ ಪ್ಯಾನೆಲ್‌ನ ಮೈ 70 ಡಿಗ್ರಿಯವರೆಗೂ ಹೋಗುತ್ತದೆ. ಹಾಗೆ ಒಣಗಿ ಸೀಳು ಬಿಟ್ಟ ಪ್ಯಾನೆಲ್ ಮೇಲೆ ಜೂನ್‌ನಲ್ಲಿ ಮಿರಗದ ಮಳೆ ಬೀಳುತ್ತದೆ. ಬಿಸಿಲು ದಾರಿ ಮಾಡಿಕೊಡುತ್ತದೆ, ಕೆಡಿಸುವುದು ನೀರು. ಆ ನೀರು ಮುಖದಿಂದ ಒಳಗೆ ಹೋಗುವುದು ಕಡಿಮೆ. ಕತ್ತರಿಸಿದ ಅಂಚಿನಿಂದ, ಸ್ಕ್ರೂ ತೂತಿನಿಂದ ಹೋಗುವುದೇ ಜಾಸ್ತಿ.

ಬೇಕಾದ ಸಾಮಾನು ದೊಡ್ಡದೇನಿಲ್ಲ. ಒಂದು ನಾಣ್ಯ, ಕಪ್ಪು ಬಟ್ಟೆಯ ತುಂಡು, ಮಾರ್ಕರ್ ಪೆನ್ನು, ಸಣ್ಣ ಸ್ಕ್ರೂಡ್ರೈವರ್, ಸಿಕ್ಕರೆ ದಪ್ಪ ಅಳೆಯುವ ವರ್ನಿಯರ್. ಪ್ಯಾನೆಲ್ ಒಳಗೆ ವೈರ್ ಹೋಗಿದ್ದರೆ ಮೊದಲು ಮೇನ್ ಆಫ್ ಮಾಡಿ. ನೆನೆದ ಪ್ಯಾನೆಲ್‌ನಲ್ಲಿ ಕರೆಂಟ್ ಹರಿಯಬಹುದು. ಪ್ಯಾನೆಲ್ ಹಿಂದೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ. ಅಂಥ ಸಂದಿಯೇ ಚೇಳಿಗೆ ಮನೆ.

ಬಣ್ಣ ಬಿಳಚಿದೆ, ಕೈಗೆ ಪುಡಿ ಹತ್ತುತ್ತದೆ

ಕಪ್ಪು ಬಟ್ಟೆಯಿಂದ ಒಮ್ಮೆ ಒರೆಸಿ. ಬಿಳಿ ಪುಡಿ ಹತ್ತಿದರೆ ಮೇಲಿನ ಬಣ್ಣ ಅಥವಾ ರೆಸಿನ್ ಬಿಸಿಲಿಗೆ ಸವೆಯುತ್ತಿದೆ. ಆಮೇಲೆ ಅದೇ ಜಾಗಕ್ಕೆ ನೀರು ಚಿಮುಕಿಸಿ. ಒದ್ದೆಯಾದಾಗ ಹಳೆಯ ಬಣ್ಣ ಮರಳಿ ಬಂದರೆ ಗಾಬರಿ ಬೇಡ, ಸವೆದಿರುವುದು ಮೇಲ್ಪದರ ಮಾತ್ರ.

ಬಣ್ಣ ಹಚ್ಚದ, ಬರೀ ಪಾರದರ್ಶಕ ರೆಸಿನ್ ಇರುವ ಪ್ಯಾನೆಲ್ ಮೊದಲು ಹಳದಿ ತಿರುಗುತ್ತದೆ, ಆಮೇಲೆ ಬೂದು. ನಾರಿನಲ್ಲಿ ಲಿಗ್ನಿನ್ ಎಂಬ ವಸ್ತುವಿದೆ. ನಾರಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಅದೇ. ಬಿಸಿಲಿನ ನೇರಳಾತೀತ ಕಿರಣವನ್ನು ಮೊದಲು ಹೀರುವುದೂ ಅದೇ, ಮೊದಲು ಒಡೆಯುವುದೂ ಅದೇ. ಒಡೆದದ್ದು ಮಳೆಗೆ ತೊಳೆದು ಹೋಗುತ್ತದೆ. ಉಳಿಯುವುದು ಬೂದು ಬಣ್ಣದ ಸಡಿಲ ಎಳೆ. ಹಳೆಯ ಕಟ್ಟಿಗೆ ಬೇಲಿ ಬೂದಾಗುವುದೂ ಇದೇ ಕಾರಣಕ್ಕೆ.

ಈಗ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ನಾರಿನ ಎಳೆ ಉಗುರಿಗೆ ಸಿಕ್ಕಿದರೆ ರೆಸಿನ್ ಪದರ ಪೂರ್ತಿ ಸವೆದು ನಾರು ಬಯಲಾಗಿದೆ ಎಂದರ್ಥ. ಇಲ್ಲಿಂದ ಮುಂದೆ ಪ್ರತಿ ಎಳೆಯೂ ದೀಪದ ಬತ್ತಿಯ ಹಾಗೆ. ಬತ್ತಿ ಎಣ್ಣೆ ಎಳೆದ ಹಾಗೆ ಇದು ನೀರು ಎಳೆಯುತ್ತದೆ. ಈ ಹಂತಕ್ಕೆ ಬಂದಿದ್ದರೆ ಮುಂದಿನ ಮಳೆಗಾಲಕ್ಕೆ ಕಾಯಬೇಡಿ.

ಪರಿಹಾರ ಅಗ್ಗದ್ದೇ. ಸಾಬೂನು ನೀರಿನಿಂದ ತೊಳೆದು, ಎರಡು ಮೂರು ದಿನ ಪೂರ್ತಿ ಒಣಗಿಸಿ, 220 ನಂಬರಿನ ಉಜ್ಜು ಕಾಗದದಿಂದ ಹಗುರವಾಗಿ ಉಜ್ಜಿ, ಹೊರಗಿನ ಬಳಕೆಯ ಪಿಯು (ಪಾಲಿಯುರೆಥೇನ್) ಬಣ್ಣ ಎರಡು ಕೋಟ್ ಹಚ್ಚಿ. ಬಿಳಿ ಅಥವಾ ತಿಳಿ ಬಣ್ಣ ಇರಲಿ. ನಾರಿನ ಚಂದ ಕಾಣಬೇಕು ಅಂತ ವಾರ್ನಿಷ್ ಕೇಳುವವರಿದ್ದಾರೆ. ಒಳಗಿನ ಪಾರ್ಟಿಷನ್‌ಗೆ ಸರಿ. ಪಡುವಣ ಬಿಸಿಲು ಬಡಿಯುವ ಗೋಡೆಗೆ ನಾನು ಬೇಡ ಅನ್ನುತ್ತೇನೆ. ಪಾರದರ್ಶಕ ಪದರದ ಮೂಲಕ ಬೆಳಕು ನಾರಿನವರೆಗೂ ಹೋಗುತ್ತದೆ, ಬಣ್ಣ ಅದನ್ನು ಮೇಲೆಯೇ ತಡೆಯುತ್ತದೆ.

ಕೆಳಗಿನ ಅಂಚು ಕಪ್ಪಾಗಿದೆ, ಊದಿಕೊಂಡಿದೆ

ಇದನ್ನು ಎಲ್ಲಕ್ಕಿಂತ ಗಮನವಿಟ್ಟು ಓದಿ. ನನ್ನ ಹತ್ತಿರ ಬರುವ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಇಲ್ಲೇ.

ಅಫಜಲಪುರದ ಕಡೆಯ ಒಂದು ತೋಟದ ಪಂಪ್ ಮನೆ. ಬಾಗಿಲ ಮುಖ ಹೊಸದರ ಹಾಗೇ ಇತ್ತು. ಒಡೆಯ, ವಯಸ್ಸಾದ ಕಾಕಾ, ಹೇಳಿದ್ದು ಒಂದೇ ಮಾತು: "ಹೋದ ವರ್ಷ ನಾ ಒಬ್ಬನೇ ಎತ್ತಿದ್ದೆ ತಮ್ಮಾ, ಈಗ ಇಬ್ಬರು ಬೇಕಾಗ್ಯಾರ ನೋಡು." ರೋಗ ಅವರೇ ಹೇಳಿಬಿಟ್ಟಿದ್ದರು. ಬಾಗಿಲು ಬಿಚ್ಚಿ, ಟಂಟಂನಲ್ಲಿ ಹಾಕಿಕೊಂಡು ಬಂದು, ಗಂಜಿನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಕಾಟಾ ಮೇಲೆ ಇಟ್ಟೆವು. 29 ಕಿಲೋ ಚಿಲ್ಲರೆ. ಕೂರಿಸುವಾಗ ಇದ್ದದ್ದು 24. ಐದು ಕಿಲೋ ನೀರು ತಿರುಳಿನೊಳಗೆ ಕೂತಿತ್ತು. ಕೆಳ ಅಂಚಿನಲ್ಲಿ ಬೆರಳಗಲ ಕತ್ತರಿಸಿದಾಗ ಒಳಗಿನ ಕಬ್ಬಿನ ಸಿಪ್ಪೆ ಚಹಾ ಸೋಸಿದ ಪುಡಿಯ ಹಾಗೆ ಕಡು ಕಂದಾಗಿತ್ತು. ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಬಂತು. ಹುಳಿ ವಾಸನೆ ಬೇರೆ.

ಕಾರಣ ಹೊಸಿಲಲ್ಲಿತ್ತು. ಶಹಾಬಾದ್ ಕಲ್ಲಿನ ಹೊಸಿಲ ಮೇಲೆ ಅಲ್ಯೂಮಿನಿಯಂ ಚಾನೆಲ್ (ದೋಣಿಯಂಥ ಪಟ್ಟಿ), ಆ ಚಾನೆಲ್ ಒಳಗೆ ಬಾಗಿಲ ಕೆಳ ಅಂಚು. ಚಾನೆಲ್‌ಗೆ ನೀರು ಹೊರಹೋಗಲು ತೂತೇ ಇರಲಿಲ್ಲ. ಮಳೆ ನಿಂತ ಮೇಲೂ ಬಾಗಿಲು ನೀರಲ್ಲೇ ನಿಂತಿರುತ್ತಿತ್ತು.

ನೀವು ಹೀಗೆ ನೋಡಿ. ಮೊದಲು ಬರೀ ಕಣ್ಣಿನಿಂದ: ಕೆಳ ಅಂಚಿಗೆ ಸೀಲ್ ಇದೆಯಾ, ಅಥವಾ ಕತ್ತರಿಸಿದ ತಿರುಳು ಹಾಗೇ ಕಾಣುತ್ತಿದೆಯಾ? ಚಾನೆಲ್‌ಗೆ ಒಂದು ಲೋಟ ನೀರು ಹಾಕಿ. ಹತ್ತು ನಿಮಿಷ ಬಿಟ್ಟು ಬನ್ನಿ. ನೀರು ಅಲ್ಲೇ ನಿಂತಿದ್ದರೆ ದೋಷ ಸಿಕ್ಕಿತು. ಆಮೇಲೆ ವರ್ನಿಯರ್‌ನಿಂದ ದಪ್ಪ ಅಳೆಯಿರಿ. ಅಂಚಿನಲ್ಲೇ ಒಂದು ಅಳತೆ, ಅಂಚಿನಿಂದ ವರ್ನಿಯರ್ ದವಡೆ ಮುಟ್ಟುವಷ್ಟು ಒಳಗೆ ಒಂದು, ಊದದ ಮೇಲಿನ ಅಂಚಿನಲ್ಲಿ ಇನ್ನೊಂದು. ಕೆಳಗೆ ಒಂದೆರಡು ಮಿಲಿಮೀಟರ್ ದಪ್ಪ ಇದ್ದು ಮೇಲೆ ಸರಿಯಿದ್ದರೆ ನೀರು ಕೆಳಗಿನಿಂದಲೇ ಏರಿದೆ. ಎಲ್ಲ ಕಡೆ ಒಂದೇ ದಪ್ಪವಿದ್ದೂ ಪ್ಯಾನೆಲ್ ಭಾರವಾಗಿದ್ದರೆ ನೀರು ಬೇರೆ ದಾರಿಯಿಂದ ಬಂದಿದೆ. ಸ್ಕ್ರೂ ತೂತು, ಮೇಲಿನ ಅಂಚು, ಜೋಡಣೆಯ ಸಂದಿ ಹುಡುಕಿ.

ಸಂದಿ ಹುಡುಕಲು ಪೈಪ್ ನೀರು ಸಾಕು. ಆದರೆ ಕೆಳಗಿನಿಂದ ಶುರುಮಾಡಿ. ಕೆಳಗಿನ ಒಂದು ಅಡಿಗೆ ಹತ್ತು ನಿಮಿಷ ನೀರು ಬಿಡಿ, ಒಳಗೆ ಹೋಗಿ ನೋಡಿ. ಏನೂ ಇಲ್ಲದಿದ್ದರೆ ಅದರ ಮೇಲಿನ ಅಡಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವುದು ಕಾರಣ ಅಂತ ತಿಳಿಯುವುದೇ ಇಲ್ಲ.

ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಇದ್ದರೆ ಬಳಸಿ. ಆದರೆ ಅದರ ಅಂಕಿಯನ್ನು ಹಾಗೇ ನಂಬಬೇಡಿ, ಅದು ಕಟ್ಟಿಗೆಗೆ ಅಂತ ಮಾಡಿದ್ದು. ಒಣಗಿದ ಜಾಗ ಮತ್ತು ಕೆಟ್ಟ ಜಾಗದ ನಡುವಿನ ವ್ಯತ್ಯಾಸ ನೋಡಲು ಮಾತ್ರ ಅದು ಸರಿ. ಮುಳ್ಳು ಚುಚ್ಚಿದ ತೂತನ್ನು ಮುಚ್ಚಲು ಮರೆಯಬೇಡಿ.

ಈಗ ರಿಪೇರಿಯ ಮಾತು. ಒದ್ದೆ ಅಂಚಿಗೆ ಸಿಲಿಕಾನ್ ಬಳಿದು ಮುಚ್ಚಬೇಡಿ. ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಸೆಪ್ಟೆಂಬರ್‌ನಲ್ಲಿ ಅರ್ಜೆಂಟ್ ಅಂತ ಅಂಚು ಸೀಲ್ ಮಾಡಿ ಕೊಟ್ಟೆ. ಮುಂದಿನ ಏಪ್ರಿಲ್‌ನಲ್ಲಿ ಒಳಗಿದ್ದ ನೀರು ಕಾದು ಆವಿಯಾಗಿ, ಹೊರಗೆ ಹೋಗಲು ದಾರಿಯಿಲ್ಲದೆ, ತಟ್ಟೆಯಷ್ಟು ದೊಡ್ಡ ಗುಳ್ಳೆ ಎಬ್ಬಿಸಿತು. ಕೆಳಗೆ ಮಾತ್ರ ಕೆಟ್ಟಿದ್ದ ಪ್ಯಾನೆಲ್ ನಡುವಿನಲ್ಲೂ ಕೆಟ್ಟಿತು. ಪ್ಯಾನೆಲ್ ಬದಲಿಸಿ ಕೊಟ್ಟೆ.

ಮೊದಲು ಕೊಳೆತ ತಿರುಳನ್ನು ಕೆತ್ತಿ ತೆಗೆಯಿರಿ. ಅಂಚು ತೆರೆದಿಟ್ಟು, ಗಾಳಿಯಾಡುವ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ. ಸುಡು ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ಅನಿಸುತ್ತದೆ, ಆದರೆ ಅದರಿಂದಲೂ ಗುಳ್ಳೆ ಏಳುತ್ತದೆ. ನಾಲ್ಕು ದಿನಕ್ಕೊಮ್ಮೆ ತೂಕ ಮಾಡಿ ಹಿಂಬದಿಯಲ್ಲಿ ಮಾರ್ಕರ್‌ನಿಂದ ಬರೆಯಿರಿ. ಎರಡು ಸಲ ತೂಕ ಒಂದೇ ಬಂದರೆ ಒಣಗಿದೆ. ಇದಕ್ಕೆ ನಮ್ಮ ಬೇಸಿಗೆಯಂಥ ಕಾಲ ಬೇರೆ ಸಿಗುವುದಿಲ್ಲ. ಮಾರ್ಚ್, ಏಪ್ರಿಲ್‌ನ ಒಣ ಗಾಳಿ ಎರಡು ಮೂರು ವಾರದಲ್ಲಿ ಮಾಡುವ ಕೆಲಸ ಆಗಸ್ಟ್‌ನಲ್ಲಿ ಎರಡು ತಿಂಗಳಾದರೂ ಆಗದು. ಕಾಕಾನ ಬಾಗಿಲು ಹದಿನೆಂಟು ದಿನಕ್ಕೆ 24 ಕಿಲೋ ಮುನ್ನೂರು ಗ್ರಾಂಗೆ ಬಂದು ನಿಂತಿತು. ಆಮೇಲೆ ತೆಗೆದ ಜಾಗಕ್ಕೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ರೆಸಿನ್) ಮತ್ತು ಮರದ ಪುಡಿಯ ಲೇಪ ತುಂಬಿ, ಅಂಚಿಗೆ ಎರಡು ಕೋಟ್ ಎಪಾಕ್ಸಿ ಹಚ್ಚಿ, ಚಾನೆಲ್‌ಗೆ ಅಡಿಗೊಂದು ತೂತು ಕೊರೆದು, ಬಾಗಿಲನ್ನು ಕಲ್ಲಿನಿಂದ ಒಂದು ಬೆರಳು ಮೇಲೆ ಎತ್ತಿ ಕೂರಿಸಿದೆವು.

ಗುಳ್ಳೆ ಎದ್ದಿದೆ, ಬಡಿದರೆ ಪೊಳ್ಳು ಸದ್ದು

ನಾಣ್ಯದ ಅಂಚಿನಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಸಂತೆಯಲ್ಲಿ ಮಡಿಕೆ ಬಡಿದು ಕೊಳ್ಳುತ್ತೇವಲ್ಲ, ಅದೇ ಕಿವಿ ಇಲ್ಲಿಗೂ ಬೇಕು. ಅಂಟು ಗಟ್ಟಿಯಿರುವಲ್ಲಿ ಚುರುಕಾದ ಸದ್ದು ಬರುತ್ತದೆ. ಹಾಳೆ ತಿರುಳಿನಿಂದ ಬಿಟ್ಟಿರುವಲ್ಲಿ ಸದ್ದು ಮಂಕಾಗಿ, ಪೊಳ್ಳಾಗಿ ಕೇಳುತ್ತದೆ. ಸದ್ದು ಬದಲಾಗುವಲ್ಲೆಲ್ಲ ಚುಕ್ಕೆ ಇಡಿ, ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳ ನಂತರ ಮತ್ತೆ ಬಡಿಯಿರಿ. ಪೊಳ್ಳು ಸದ್ದು ಗೆರೆ ದಾಟಿದ್ದರೆ ಅಂಟು ಬಿಡುವುದು ಹರಡುತ್ತಿದೆ.

ಅದೇ ಗುಳ್ಳೆಯನ್ನು ಬೆಳಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಮುಟ್ಟಿ ನೋಡಿ. ಮಧ್ಯಾಹ್ನ ಉಬ್ಬಿ ಬೆಳಗ್ಗೆ ತಗ್ಗಿದರೆ ಒಳಗೆ ಗಾಳಿ ಅಥವಾ ಆವಿ ಇದೆ. ಹೊತ್ತಿನ ಜೊತೆ ಬದಲಾಗದ, ಸಣ್ಣ ಗಟ್ಟಿ ಗುಳ್ಳೆಗಳು ಹಾಳೆಯ ಒಳಗೇ ಇರುವಂಥವು. ಅವು ಬಹುಪಾಲು ಮಾಡುವಾಗಲೇ ಉಳಿದುಹೋದ ಗಾಳಿಯವು, ಅವುಗಳಿಂದ ಅಪಾಯ ಕಡಿಮೆ.

ಅಂಗೈಗಿಂತ ಸಣ್ಣ ಪೊಳ್ಳು ಆದರೆ ಮನೆಯಲ್ಲೇ ಸರಿಮಾಡಬಹುದು. ಕನ್ನಡಕ ಹಾಕಿಕೊಂಡು ಎರಡು ಸಣ್ಣ ತೂತು ಕೊರೆಯಿರಿ. ಒಳಗೆ ಒತ್ತಡ ಇದ್ದರೆ ದ್ರವ ಚಿಮ್ಮುತ್ತದೆ, ಮುಖ ಪಕ್ಕಕ್ಕಿರಲಿ. ಒದ್ದೆಯಿದ್ದರೆ ಮೊದಲು ಒಣಗಿಸಿ. ಆಮೇಲೆ ಕೆಳಗಿನ ತೂತಿನಿಂದ ಸಿರಿಂಜಿನಲ್ಲಿ ಎಪಾಕ್ಸಿ ಹಾಕಿ, ಮೇಲಿನದರಿಂದ ಹೊರಬರುವವರೆಗೆ. ಮೇಲೆ ಪ್ಲಾಸ್ಟಿಕ್ ಹಾಳೆ, ಹಲಗೆ, ಭಾರ. ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಅಂಚಿಗೆ ಸೇರಿಕೊಂಡಿದ್ದರೆ ಸೂಜಿಯಿಂದ ಆಗುವ ಕೆಲಸ ಅಲ್ಲ ಅದು. ಹಾಳೆ ಬಿಚ್ಚಿ ಮತ್ತೆ ಅಂಟಿಸಬೇಕು.

ಪ್ಯಾನೆಲ್ ಬಾಗಿದೆ, ಬಾಗಿಲು ಕೂರುತ್ತಿಲ್ಲ

ಬಾಗಿಲನ್ನು ಬೈಯುವ ಮೊದಲು ಚೌಕಟ್ಟು ನೋಡಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಹಿಡಿದು ಅಳೆಯಿರಿ. ಎರಡು ಅಳತೆ ಬೇರೆ ಬೇರೆ ಬಂದರೆ ಚೌಕಟ್ಟೇ ಸೊಟ್ಟಗಾಗಿದೆ. ಎರೆ ಭೂಮಿಯಲ್ಲಿ ಇದು ಸಾಮಾನ್ಯ. ಮಳೆಗೆ ಎರೆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಜೊತೆಗೆ ಆಳವಿಲ್ಲದ ಅಡಿಪಾಯವೂ ಆಡುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ತೊಂದರೆ ಕಡಿಮೆ.

ಚೌಕಟ್ಟು ಸರಿಯಿದ್ದರೆ ಹೊತ್ತು ನೋಡಿ. ಮಧ್ಯಾಹ್ನ ಮಾತ್ರ ಬಾಗಿ ರಾತ್ರಿ ನೆಟ್ಟಗಾದರೆ, ಬಿಸಿಲ ಕಡೆಯ ಹಾಳೆ ಕಾದು ಹಿಗ್ಗುತ್ತಿದೆ, ಒಳಗಿನದು ತಣ್ಣಗಿದೆ. ತಿಳಿ ಬಣ್ಣ ಹಚ್ಚಿ, ಇಲ್ಲವೇ ಮುಂದೆ ಒಂದು ಚಪ್ಪರ ಹಾಕಿ. ಯಾವಾಗಲೂ ಬಾಗಿಯೇ ಇದ್ದರೆ ಒಂದು ಕಡೆ ನೀರು ಕುಡಿದಿದೆ. ಹೊರಗಡೆ ಮಾತ್ರ ಬಣ್ಣ ಹಚ್ಚಿ ಒಳಗಡೆ ಬಿಟ್ಟಿರುವ ಪ್ಯಾನೆಲ್‌ಗಳು ಹೀಗಾಗುತ್ತವೆ. ಎರಡೂ ಕಡೆಗೆ ಒಂದೇ ಬಗೆಯ ಪದರ ಬೇಕು.

ಸ್ಕ್ರೂ ಸುತ್ತ ಕಂದು ಕಲೆ

ಒಂದು ಸ್ಕ್ರೂ ಬಿಚ್ಚಿ ನೋಡಿ. ತುಕ್ಕು ಹಿಡಿದು ಸ್ಕ್ರೂವಿನ ಸುರುಳಿ ಗೆರೆಗೆ ಒದ್ದೆ ಪುಡಿ ಅಂಟಿ ಬಂದರೆ ನೀರು ಅಲ್ಲಿಂದಲೇ ಹೋಗಿದೆ. ತೂತನ್ನು ದೊಡ್ಡದು ಮಾಡಿ, ಒಣಗಿಸಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆದು ಸ್ಟೇನ್‌ಲೆಸ್ ಸ್ಕ್ರೂ, ರಬ್ಬರ್ ವಾಷರ್ ಹಾಕಿ. ಹೀಗೆ ಮಾಡಿದರೆ ಸ್ಕ್ರೂ ತಿರುಳನ್ನು ಮುಟ್ಟುವುದೇ ಇಲ್ಲ.

ಕಪ್ಪು ಚುಕ್ಕೆ, ಮುಗ್ಗಲು ವಾಸನೆ, ಮಣ್ಣಿನ ಗೆರೆ

ಚುಕ್ಕೆ ಧೂಳೋ ಬೂಷ್ಟೋ ಎಂದು ತಿಳಿಯಲು, ನೀರು ಬೆರೆಸಿದ ಬ್ಲೀಚಿಂಗ್ ದ್ರಾವಣದ ಒಂದು ಹನಿ ಇಡಿ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಬೂಷ್ಟು. ಬ್ಲೀಚಿಂಗ್ ಜೊತೆ ಆಸಿಡ್ ಅಥವಾ ಟಾಯ್ಲೆಟ್ ತೊಳೆಯುವ ದ್ರವ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಮೇಲಿನ ಬೂಷ್ಟನ್ನು ತೊಳೆಯಬಹುದು. ಆದರೆ ತಿರುಳಿನಲ್ಲಿ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರ ಒಳಗೆ ಬೆಳೆಯುತ್ತದೆ. ಅನುಮಾನವಿದ್ದರೆ ಮರೆಯಲ್ಲಿರುವ ಅಂಚಿನಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಕೊಳೆತಿದೆ.

ನೆಲದಿಂದ ಪ್ಯಾನೆಲ್‌ವರೆಗೆ ಮಣ್ಣಿನ ಸಣ್ಣ ಗೆರೆ ಕಂಡರೆ ಗೆದ್ದಲು. ಗೆರೆಯನ್ನು ಸುಮ್ನೆ ಒರೆಸಿ ಹಾಕಬೇಡಿ. ಒಂದು ಕಡೆ ಮುರಿದು ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಜೀವಂತವಾಗಿವೆ. ನೆಲಕ್ಕೆ ಔಷಧಿ ಹಾಕುವ ಕೆಲಸ ಗೊತ್ತಿರುವವರಿಗೇ ಬಿಡಿ, ಹತ್ತಿರ ಬಾವಿ ಅಥವಾ ಬೋರ್ ಇದ್ದರಂತೂ ಖಂಡಿತ. ಬೋರಾಕ್ಸ್ ನೀರು ತಿರುಳಿಗೆ ಒಳ್ಳೆಯದೇ, ಆದರೆ ಮಳೆಗೆ ತೊಳೆದು ಹೋಗುತ್ತದೆ. ಅಂಚು ಮುಚ್ಚದೆ ಅದನ್ನು ಹಚ್ಚಿ ಉಪಯೋಗವಿಲ್ಲ.

ಒತ್ತಿದರೆ ಮೆತ್ತಗೆ

ಮೇ ತಿಂಗಳ ಮಧ್ಯಾಹ್ನ ಮೆತ್ತಗಿದ್ದು ಬೆಳಗ್ಗೆ ಗಟ್ಟಿಯಿದ್ದರೆ ರೆಸಿನ್ ಶಾಖಕ್ಕೆ ಮೆದುವಾಗುತ್ತಿದೆ. ಮಾಮೂಲಿ ಶಾಖದಲ್ಲೇ ಗಟ್ಟಿಯಾಗುವ ಎಷ್ಟೋ ರೆಸಿನ್‌ಗಳು 60 ಡಿಗ್ರಿಯ ಆಚೀಚೆ ಮೆದುವಾಗತೊಡಗುತ್ತವೆ, ನೀರು ಕುಡಿದಿದ್ದರೆ ಇನ್ನೂ ಬೇಗ. ನೆರಳು, ತಿಳಿ ಬಣ್ಣ ಸಹಾಯ ಮಾಡುತ್ತವೆ. ಹೊಸದು ಕೊಳ್ಳುವಾಗ ಎಷ್ಟು ಡಿಗ್ರಿಗೆ ಮೆದುವಾಗುತ್ತದೆ ಎಂದು ಮಾರುವವರನ್ನು ಕೇಳಿ. ಉತ್ತರ ಕೊಡದವರಿಂದ ನಾನಂತೂ ಕೊಳ್ಳುವುದಿಲ್ಲ.

ಬೆಳಗ್ಗೆಯೂ ಮೆತ್ತಗಿದ್ದರೆ ತಿರುಳು ಕೊಳೆತಿದೆ ಅಥವಾ ಪುಡಿಯಾಗಿದೆ. ಇಲ್ಲಿ ಬಣ್ಣ, ಸೂಜಿ, ಲೇಪ ಯಾವುದೂ ಕೆಲಸ ಮಾಡುವುದಿಲ್ಲ.

ಕೈ ಹಿಂದೆ ತೆಗೆಯಬೇಕಾದ ಜಾಗ

ಮಾಳಿಗೆಗೆ ಹಾಕಿದ ಪ್ಯಾನೆಲ್ ಮೆತ್ತಗಿದ್ದರೆ ಅದರ ಮೇಲೆ ಕಾಲಿಡಬೇಡಿ, ಕೆಳಗೆ ಯಾರನ್ನೂ ಮಲಗಿಸಬೇಡಿ. ಭಾರ ಹೊತ್ತ ಪ್ಯಾನೆಲ್‌ನಲ್ಲಿ ಪೊಳ್ಳು ಹರಡುತ್ತಿದ್ದರೆ, ಹಾಳೆಯಲ್ಲಿ ಸುಕ್ಕು ಅಥವಾ ಅಡ್ಡ ಬಿರುಕು ಕಂಡರೆ, ಮೊದಲು ಕೆಳಗೆ ಆಸರೆ ಕೊಡಿ, ಆಮೇಲೆ ಇಂಜಿನಿಯರನ್ನು ಕರೆಯಿರಿ. ಕೋಳಿ ಶೆಡ್ ಅಥವಾ ಶಾಲೆಯ ಕೋಣೆ ಆಗಿದ್ದರೆ ಒಂದು ದಿನವೂ ತಡ ಬೇಡ.

ಕತ್ತರಿಸುವಾಗ, ಉಜ್ಜುವಾಗ ಮಾಸ್ಕ್, ಕನ್ನಡಕ, ಕೈಗವಸು ಹಾಕಿ. ಬೂಷ್ಟು ಹಿಡಿದ ತಿರುಳಿನ ಪುಡಿ ಎದೆಗೆ ಒಳ್ಳೆಯದಲ್ಲ. ಪಾಲಿಯೆಸ್ಟರ್ ರೆಸಿನ್ ಬಳಸುವವರು ಒಂದು ಮಾತು ನೆನಪಿಡಿ: ಕ್ಯಾಟಲಿಸ್ಟ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಮತ್ತು ಕೋಬಾಲ್ಟ್ (ಆ ಕೆಲಸವನ್ನು ಚುರುಕುಗೊಳಿಸುವ ದ್ರವ) ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಕ್ಯಾಟಲಿಸ್ಟ್. ಅದರ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಹದಿನೈದು ನಿಮಿಷ ನೀರಿನಿಂದ ತೊಳೆಯುತ್ತಾ ಇದ್ದು, ನೇರವಾಗಿ ಆಸ್ಪತ್ರೆಗೆ ಹೋಗಿ. ಬೇಸಿಗೆಯಲ್ಲಿ ಎಪಾಕ್ಸಿ ಸ್ವಲ್ಪ ಸ್ವಲ್ಪವೇ ಕಲಸಿ. ಮಗ್ ತುಂಬಾ ಕಲಸಿಟ್ಟರೆ ತಾನಾಗಿಯೇ ಕಾದು ಹೊಗೆ ಬರುತ್ತದೆ.

ತುಂಡನ್ನು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ತೋರಿಸುವುದಿದ್ದರೆ ಎರಡು ತುಂಡು ಕತ್ತರಿಸಿ, ಕೆಟ್ಟ ಜಾಗದಿಂದ ಒಂದು, ಒಳ್ಳೆಯ ಜಾಗದಿಂದ ಒಂದು. ಅಂಗೈ ಅಗಲ ಸಾಕು. ಕತ್ತರಿಸಿದ ಕೂಡಲೇ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿಯಾಡದಂತೆ ಕಟ್ಟಿ. ಹಾಗೇ ಬುಟ್ಟಿಯಲ್ಲಿ ಒಯ್ದರೆ ನಮ್ಮ ಬಿಸಿಲಿಗೆ ದಾರಿಯಲ್ಲೇ ಒಣಗಿಬಿಡುತ್ತದೆ, ಎಷ್ಟು ನೀರು ಇತ್ತು ಅನ್ನೋದು ಅವರಿಗೆ ತಿಳಿಯುವುದಿಲ್ಲ. ಚೀಲದ ಮೇಲೆ ಬರೆಯಿರಿ: ಯಾವ ದಿಕ್ಕಿನ ಗೋಡೆ, ನೆಲದಿಂದ ಎಷ್ಟು ಎತ್ತರ, ಕೂರಿಸಿ ಎಷ್ಟು ಮಳೆಗಾಲ ಆಯಿತು.